ಪೋಕರ್ ಬ್ಯಾರಿಯ ಚಾಪೆ

ಪುತ್ತೂರಿನ ಮುನ್ಸಿಫ್ ಕೋರ್ಟಿನ ಜಗಲಿಯಲ್ಲಿ ಕೂತು ಅರ್ಜಿ ಬರೆದು ಹೊಟ್ಟೆ ಹೊರೆದವನು ನಾನು. ಊರಿನಲ್ಲಿ ಜಗಳವಿಲ್ಲದಿದ್ದರೆ ನನ್ನ ಮನೆಯಲ್ಲಿ ಗಂಜಿ ಬೇಯುವುದಿಲ್ಲ. ಆಗ ಸುಳ್ಯ, ಕಡಬ ಎಲ್ಲ ಪುತ್ತೂರು ತಾಲೂಕಿಗೇ ಸೇರಿದ್ದವು. ಕೊಲ್ಲಮೊಗ್ರಿನ ಕಾಡಂಚಿನಿಂದ ಹಿಡಿದು ಕೇರಳದ ಗಡಿಯ ಈಶ್ವರಮಂಗಲದವರೆಗಿನ ಜಗಳಗಳೆಲ್ಲ ಸೋಮವಾರದ ಸಂತೆಯ ದಿನ ಬಸ್ಸು ಹತ್ತಿ ಪುತ್ತೂರಿಗೆ ಬರುತ್ತಿದ್ದವು. ಬರುತ್ತಿದ್ದವು ನಿಜ, ಆದರೆ ನನ್ನ ಜಗಲಿಗೆ ಮುಟ್ಟುತ್ತಿರಲಿಲ್ಲ. ಸಂತೆಯಿಂದ ಕೋರ್ಟಿಗೆ ಬರುವ ದಾರಿಯಲ್ಲಿ ಪೋಕರ್ ಬ್ಯಾರಿಯ ವೀಳ್ಯದೆಲೆಯ ಅಂಗಡಿ ಇತ್ತು.

ಅಂಗಡಿ ಎಂದರೆ ಸೋಗೆಯ ಮಾಡು, ಒದ್ದೆ ಗೋಣಿ ಹೊದೆಸಿದ ಎಲೆಯ ಬುಟ್ಟಿಗಳು, ಪಕ್ಕದಲ್ಲಿ ಕೇದಗೆಯಂಥ ಮುಂಡೇವಿನ ಓಲೆಯ ಒಂದು ಚಾಪೆ, ಇಷ್ಟೆ. ಪೋಕರ್ ಸಣಕಲು ದೇಹದ ಮನುಷ್ಯ. ತಲೆಗೆ ಬಿಳಿ ಮುಂಡಾಸು, ಸೊಂಟಕ್ಕೆ ಅಗಲದ ಹಸಿರು ಬೆಲ್ಟು. ದನಿ ಎತ್ತರಿಸಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಕೊಂಡ ಸಾಮಾನು ಸರಿಯಿಲ್ಲ ಎಂದು ಕಣ್ಣು ಕೆಂಪು ಮಾಡಿಕೊಂಡು ಬಂದವರು, ಕೊಟ್ಟ ಮಾತಿಗೆ ತಪ್ಪಿದ ಎಂದು ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡು ಬಂದವರು ಆ ಚಾಪೆಯ ಮೇಲೆ ಕೂರುತ್ತಿದ್ದರು. ಏಳುವಾಗ ಒಂದೇ ಕಟ್ಟಿನಿಂದ ಇಬ್ಬರೂ ಎಲೆ ಹಾಕಿಕೊಂಡು ಬಾಯಿ ಕೆಂಪು ಮಾಡಿಕೊಂಡು ಹೋಗುತ್ತಿದ್ದರು. ಜಗಲಿಯಿಂದ ಇದನ್ನು ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಹೊಟ್ಟೆಯ ಮೇಲೆ ಹೊಡೆಯಲಿಕ್ಕೆಂದೇ ಈ ಮನುಷ್ಯ ಇಲ್ಲಿ ಕೂತಿದ್ದಾನೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೆ.

ಒಂದು ಸೋಮವಾರ, ಈತ ಅಂಥದ್ದೇನು ಮಾಡುತ್ತಾನೆ ನೋಡಿಯೇ ಬಿಡುವ ಎಂದು ಎಲೆ ಕೊಳ್ಳುವ ನೆಪದಲ್ಲಿ ಅಲ್ಲಿ ಹೋಗಿ ನಿಂತೆ. ಚಾಪೆಯ ಮೇಲೆ ಇಬ್ಬರಿದ್ದರು. ಒಬ್ಬ ಕೊಲ್ಲಮೊಗ್ರಿನ ಬೇಸಾಯಗಾರ ಮಾಯಿಲಪ್ಪ ಗೌಡ, ಮನೆಮಾತು ಅರೆಭಾಷೆ. ಇನ್ನೊಬ್ಬ ಜಾನುವಾರು ವ್ಯಾಪಾರದ ಹಸನಬ್ಬ, ಮನೆಮಾತು ಬ್ಯಾರಿ. ಹಸನಬ್ಬ ಮಾರಿದ ಎತ್ತು ನೊಗಕ್ಕೆ ಕಟ್ಟಿದರೆ ಅಡ್ಡಡ್ಡ ಎಳೆಯುತ್ತದೆ, ಗದ್ದೆಗೆ ಇಳಿಯುವುದಿಲ್ಲ ಎಂಬುದು ಮಾಯಿಲಪ್ಪನ ತಕರಾರು. ಎತ್ತು ಒಳ್ಳೆಯದೇ, ಹೊಡೆಯುವವನಿಗೆ ಗೊತ್ತಿಲ್ಲ ಎಂಬುದು ಹಸನಬ್ಬನ ಉತ್ತರ. ಮಾಯಿಲಪ್ಪ ಅರೆಭಾಷೆಯಲ್ಲಿ ಶುರು ಮಾಡಿದ್ದೇ ತಡ, ಪೋಕರ್ ಕೈ ಅಡ್ಡ ಹಿಡಿದ.

"ನಿಮ್ಮ ಮಾತು ಬೇಡ ಗೌಡ್ರೆ. ನಿಮ್ಮ ಭಾಷೆಯೂ ಬೇಡ. ನೀವೀಗ ಹಸನಬ್ಬ. ಹಸನಬ್ಬನ ಮಾತನ್ನು ಹಸನಬ್ಬನ ಭಾಷೆಯಲ್ಲಿ 'ನಾನು' ಅಂತಲೇ ಹೇಳಿ. ಅವ 'ಹೌದು, ಇದು ನನ್ನದೇ ಮಾತು' ಅಂತ ಒಪ್ಪಬೇಕು. ಆಮೇಲೆ ನಿಮ್ಮ ಮಾತನ್ನು ಅವ ನಿಮ್ಮ ಭಾಷೆಯಲ್ಲಿ ಹೇಳುದು."

ಇದೇ ಆ ಚಾಪೆಯ ನಿಯಮ. ಬೇರೆ ಊರಿನಲ್ಲಾದರೆ ನಡೆಯುವ ಸಂಗತಿಯಲ್ಲ. ನಮ್ಮಲ್ಲಿ ಸಂತೆಗೆ ಬರುವ ಯಾರಿಗಾದರೂ ಮನೆಯದೊಂದು ಭಾಷೆ, ನೆರೆಮನೆಯದು ಇನ್ನೊಂದು, ಪೇಟೆಯದು ಮತ್ತೊಂದು ಬರುತ್ತದೆ. ಮಾಯಿಲಪ್ಪನಿಗೆ ಬರುತ್ತಿದ್ದುದು ವ್ಯಾಪಾರಕ್ಕೆ ಬೇಕಾದಷ್ಟೇ ಬ್ಯಾರಿ. ಅದರಲ್ಲಿ ಎತ್ತು ಇತ್ತು, ಬಾಲ ಇತ್ತು, ಒಳ್ಳೆಯದು, ಹೋಗು, ಬಾ ಇದ್ದವು. ಬೈಗುಳ ಒಂದೂ ಇರಲಿಲ್ಲ. ಪಾಪ, ಬೆವರು ಒರೆಸಿಕೊಂಡು ಒಂದೊಂದೇ ಶಬ್ದ ಹುಡುಕಿದ. "ನಾನು ಹಸನಬ್ಬ. ನನ್ನ ಎತ್ತು. ಒಳ್ಳೆಯ ಎತ್ತು. ಎಡದ ಎತ್ತು..." ಅಷ್ಟು ಹೇಳಿ ನಿಂತುಬಿಟ್ಟ. ಎಡಕ್ಕೆ ಪಳಗಿದ ಎತ್ತು ಎಂದು ಹಸನಬ್ಬ ಮಾರುವಾಗಲೇ ಹೇಳಿದ್ದ, ಇವನು ಅದನ್ನು ಬಲಕ್ಕೆ ಕಟ್ಟಿ ಒದೆ ತಿನ್ನುತ್ತಿದ್ದ. ಹಸನಬ್ಬ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಬಂದದ್ದು ಮಾಯಿಲಪ್ಪನ ಬ್ಯಾರಿ ಕೇಳಿಯೋ ಎತ್ತಿನ ಕಷ್ಟ ನೆನೆದೋ ನನಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಮಾಯಿಲಪ್ಪನೂ ನಕ್ಕ. ಕೋರ್ಟಿಗೆ ಹೋಗಿದ್ದರೆ ಎತ್ತು ಮುದಿಯಾಗಿ ಸಾಯುವವರೆಗೂ ಎಳೆಯಬಹುದಾಗಿದ್ದ ವ್ಯಾಜ್ಯವದು. ನಾನು ಬಾಯಿ ತೆರೆದುಕೊಂಡು ನಿಂತಿದ್ದೆ, ಕೊಂಡ ಎಲೆ ಕೈಯಲ್ಲೇ ಬಾಡಿತ್ತು.

ಇಂಥ ಉಪಾಯ ಎಲ್ಲಿಂದ ಕಲಿತದ್ದು ಎಂದು ಕೇಳದೆ ಇರಲಿಕ್ಕೆ ಆಗಲಿಲ್ಲ. ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ. ಅದು ನನ್ನ ಮನೆಮಾತು, ಅವನ ಪೇಟೆಮಾತು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕಲಿತದ್ದಲ್ಲ ರೈಗಳೇ, ಕಳಕೊಂಡದ್ದು" ಎಂದ ಪೋಕರ್. ಎಲೆ ಆರಿಸುವುದನ್ನು ನಿಲ್ಲಿಸಲಿಲ್ಲ. "ನನಗೊಬ್ಬ ತಮ್ಮ ಇದ್ದ, ಕುಂಞಿ ಮೋನು. ಎಲೆ ವ್ಯಾಪಾರ ಇಬ್ಬರದ್ದೂ. ಒಂದು ಸಲ ಅವ ತಂದ ಹೊರೆ ದಾರಿಯಲ್ಲಿ ಕೊಳೆತುಹೋಯ್ತು. ನನಗೆ ಸಿಟ್ಟು ಬಂತು. ನಮ್ಮ ಮನೆಯ ಭಾಷೆಯಲ್ಲಿ ಒಂದು ಮಾತು ಹೇಳಿದೆ. ಎಂತ ಹೇಳಿದೆ ಅಂತ ನಿಮಗೆ ಹೇಳುದಿಲ್ಲ. ಒಂದೇ ಮಾತು. ಅದು ನಮ್ಮನ್ನು ಹೆತ್ತ ಉಮ್ಮನಿಗೂ ತಾಗುವಂಥದ್ದು. ಅವ ಹೊರೆ ಅಲ್ಲೇ ಇಟ್ಟು ಕೊಡಗಿಗೆ ಹೋದ. ಮತ್ತೆ ಬರ್ಲಿಲ್ಲ. ಸತ್ತ ಸುದ್ದಿ ಬಂತು."

ಒಂದು ಕೊಳೆತ ಎಲೆ ಆರಿಸಿ ಪಕ್ಕಕ್ಕೆ ಹಾಕಿದ.

"ತುಳುವಿನಲ್ಲಿ ಬೈದಿದ್ದರೆ ಅವ ನಗ್ತಿದ್ದ" ಎಂದ ಪೋಕರ್. "ತಾಯಿಯ ಭಾಷೆಯಲ್ಲಿ ಬೈಲಿಕ್ಕೆ ಯೋಚನೆ ಮಾಡ್ಲಿಕ್ಕಿಲ್ಲ, ತನ್ನಷ್ಟಕ್ಕೆ ಬರ್ತದೆ. ಬೇರೆಯವರ ಭಾಷೆಯಲ್ಲಾದರೆ ಶಬ್ದ ಹುಡುಕಬೇಕು. ಹುಡುಕುವಾಗ ಸಿಟ್ಟು ಸ್ವಲ್ಪ ಕೂತ್ಕೊಳ್ತದೆ. ಅಷ್ಟೇ ಮಾರಾಯ್ರೆ, ಬೇರೆ ವಿದ್ಯೆ ಎಂತದೂ ಇಲ್ಲ."

ವಿದ್ಯೆ ಇಲ್ಲವಂತೆ! ಕಾನೂನಿನ ದಪ್ಪ ದಪ್ಪ ಪುಸ್ತಕಗಳ ಪಕ್ಕದಲ್ಲೇ ಆಯುಷ್ಯ ಕಳೆದವನು ನಾನು. ಒಬ್ಬ ಮನುಷ್ಯ ತನ್ನ ದೊಡ್ಡ ನೋವಿನಿಂದ ಊರಿಗೆಲ್ಲ ಆಗುವ ಒಂದು ದಾರಿ ತೆಗೆದದ್ದನ್ನು ಅಂದೇ ಮೊದಲ ಸಲ ನೋಡಿದ್ದು. ಆಮೇಲೂ ಕಕ್ಷಿದಾರರು ಕೈತಪ್ಪಿದಾಗ ನಾನು ಬೈಯುತ್ತಿದ್ದೆ, ಅದು ಬೇರೆ ವಿಷಯ. ಬೈಯುವಾಗಲೂ ಒಳಗೊಳಗೆ ಕೈ ಮುಗಿಯುತ್ತಿದ್ದೆ.

ಅರವತ್ತರ ದಶಕ ಶುರುವಾದಾಗ ಪೋಕರನ ಮಗ ಹೈದರ್ ಪೇಟೆಯಲ್ಲಿ ಹೊಲಿಗೆ ಮಿಷನಿನ ಅಂಗಡಿ ತೆರೆದ. ಚುರುಕು ಹುಡುಗ, ನಗುಮುಖ. ಚಿಕ್ಕಂದಿನಲ್ಲಿ ಅಪ್ಪನೊಟ್ಟಿಗೆ ಎಲೆ ಹೊತ್ತುಕೊಂಡು ಸುಳ್ಯದ ಕಡೆಯ ಮನೆಮನೆ ಸುತ್ತಿದವನಾದ್ದರಿಂದ ಅರೆಭಾಷೆ ನೀರು ಕುಡಿದಷ್ಟು ಸಲೀಸು. ಪೋಕರನ ಮಗ ಎಂಬ ಒಂದೇ ಮಾತಿನ ಮೇಲೆ ದೂರದೂರದಿಂದ ಜನ ಮಿಷನ್ ಕೊಳ್ಳಲು ಬಂದರು. ಹಾಗೆ ಬಂದವರಲ್ಲಿ ಅಜ್ಜಾವರದ ಅರೆಭಾಷೆಯ ಶೀಲಾವತಿಯೂ ಒಬ್ಬಳು.

ಶೀಲಾವತಿಯ ಗಂಡ ಅಡಿಕೆ ಮರದಿಂದ ಬಿದ್ದು ತೀರಿಕೊಂಡಿದ್ದ. ಇಬ್ಬರು ಹೆಣ್ಣುಮಕ್ಕಳು. ಭಾವನ ಮನೆಯಲ್ಲಿ ಅನ್ನಕ್ಕೆ ಕೈಯೊಡ್ಡುವುದು ಅವಳಿಂದಾಗಲಿಲ್ಲ. ಹಾಲು ಕೊಡುತ್ತಿದ್ದ ದನಗಳನ್ನು ಮಾರಿ ಮಿಷನ್ ಕೊಂಡಳು. ರವಿಕೆ, ಶಾಲೆ ಮಕ್ಕಳ ಚಡ್ಡಿ, ಲಂಗ ಹೊಲಿದು ಮಳೆಗಾಲ ಕಳೆದಳು. ಧನು ತಿಂಗಳ ಚಳಿ ಬಂದಾಗ ಮಿಷನ್ ಬಿಗಿಯಿತು. ಬಲವಾಗಿ ಚಕ್ರ ತಿರುಗಿಸಿದಳು. ಒಳಗೇನೋ ಕಟ್ಟೆಂದು ಮುರಿದು ಎಲ್ಲ ನಿಂತುಹೋಯಿತು. ತಲೆಯ ಮೇಲೆ ಮಿಷನ್ ಹೊತ್ತು, ಬಸ್ಸಿನಲ್ಲಿ ತಂದು ಹೈದರನ ಮುಂದೆ ಇಟ್ಟಳು.

ಹೈದರ್ ಬಗ್ಗಿ ಮೂಸಿದ. ತೆಂಗಿನೆಣ್ಣೆಯ ಕಮಟು ವಾಸನೆ. ನಮ್ಮ ಸೀಮೆಯಲ್ಲಿ ತೆಂಗಿನೆಣ್ಣೆ ಯಾವುದಕ್ಕಿಲ್ಲ? ತಲೆಗೆ ಅದೇ, ಒಗ್ಗರಣೆಗೆ ಅದೇ, ದೀಪಕ್ಕೆ, ಬಾಗಿಲ ತಿರುಗಣೆಗೆ, ತುಕ್ಕು ಹಿಡಿದ ಬೀಗಕ್ಕೆ ಎಲ್ಲ ಅದೇ. ಅವಳು ಮಿಷನಿಗೂ ಅದನ್ನೇ ಬಿಟ್ಟಿದ್ದಳು. ಆದರೆ ಅದು ದಿನಕಳೆದಂತೆ ಅಂಟಾಗುತ್ತದೆ, ಚಳಿಗೆ ಗಟ್ಟಿಯಾಗುತ್ತದೆ. ಮಿಷನಿಗೆ ಬೇರೆಯೇ ಎಣ್ಣೆ ಉಂಟು.

"ತೆಂಗಿನೆಣ್ಣೆ ಹಾಕಬೇಡಿ ಅಂತ ನಾನು ಆವತ್ತೇ ಹೇಳಿದ್ದೆ" ಎಂದ ಹೈದರ್. "ಹೇಳಿದ್ದನ್ನು ಕೇಳದೆ ಹಾಳು ಮಾಡಿದರೆ ನಾನೆಂತ ಮಾಡುದು?"

"ನೀನು ಹೇಳಲಿಲ್ಲ" ಎಂದಳು ಶೀಲಾವತಿ. ನೇರ ನನ್ನ ಜಗಲಿಗೆ ಬಂದಳು.

ಸುಳ್ಳು ಹೇಳುವುದೇಕೆ, ನನಗೆ ಖುಷಿಯಾಯಿತು. ಪೋಕರನ ಮನೆಯದೇ ಒಂದು ವ್ಯಾಜ್ಯ ನನ್ನ ಕೈಗೆ ಸಿಕ್ಕಿತ್ತು. ಅರ್ಜಿ ಸೊಗಸಾಗಿ ಬಂತು. ಅವಳು ರುಜು ಹಾಕುವಷ್ಟರಲ್ಲಿ ಪೋಕರ್ ಕೋರ್ಟಿನ ಮೆಟ್ಟಿಲು ಹತ್ತಿ ಬಂದ. ಅದುವರೆಗೆ ಒಮ್ಮೆಯೂ ಅವನು ಆ ಮೆಟ್ಟಿಲು ಹತ್ತಿದವನಲ್ಲ.

"ತಂಗೀ, ಕೋರ್ಟಿಗೆ ಹೋಗುದಾದರೆ ಹೋಗು. ನಾನು ಅಡ್ಡ ಬರುದಿಲ್ಲ" ಎಂದ. "ಆದರೆ ಒಂದು ಸಲ ಚಾಪೆಯಲ್ಲಿ ಕೂತು ನೋಡ್ತೀಯಾ? ನಾನು ನಡುವೆ ಕೂರುದಿಲ್ಲ. ನನಗೆ ಅವ ಮಗ." ಆಮೇಲೆ ನನ್ನ ಕಡೆ ತಿರುಗಿದ. "ನೀವು ಕೂತ್ಕೊಳ್ಳಿ ರೈಗಳೇ."

"ನಾನಾ? ಎಂತ ತಮಾಷೆ ಮಾರಾಯ್ರೆ!"

"ನಿಮಗೆ ನನ್ನ ಮೇಲೆ ಸಿಟ್ಟು ಉಂಟು. ಸಂತೆಗೆಲ್ಲ ಗೊತ್ತುಂಟು ಅದು. ನೀವು ಕೂತರೆ, ಪೋಕರ್ ಮಗನನ್ನು ಉಳಿಸಿದ ಅಂತ ಯಾರೂ ಹೇಳ್ಲಿಕ್ಕಿಲ್ಲ."

ಶೀಲಾವತಿ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಲೇಖನಿ ಕೆಳಗಿಟ್ಟು ಎದ್ದಳು.

ಸಂತೆ ತುಂಬಿದ ಮಧ್ಯಾಹ್ನ. ಪೋಕರನ ಮಗನೇ ಚಾಪೆಯ ಮೇಲೆ ಕೂತಿದ್ದಾನೆಂದು ತಿಳಿದು ಮೀನಿನವರು, ಬೆಲ್ಲದವರು ಎಲ್ಲ ಬಂದು ಸುತ್ತ ನಿಂತರು. ಪೋಕರ್ ತನ್ನ ಜಾಗ ಬಿಟ್ಟು ಆ ಗುಂಪಿನಲ್ಲೊಬ್ಬನಾಗಿ ನಿಂತ. ಎಷ್ಟು ಕಾಲ ಕಟ್ಟಿದ ಹೆಸರು ಅದು! ಹುಡುಗ ಸುಳ್ಳಾಡಿದ ಎಂದಾದರೆ ನಾಳೆ ಈ ಚಾಪೆಯ ಮೇಲೆ ಯಾರು ಕೂರುತ್ತಾರೆ? ಹೆಂಗಸು ಸುಳ್ಳಾಡಿದಳು ಎಂದಾದರೆ ಅವಳು ಮಕ್ಕಳನ್ನು ಕರೆದುಕೊಂಡು ಭಾವನ ಅಂಗಳದಲ್ಲಿ ನಿಲ್ಲಬೇಕು. ಇಬ್ಬರಲ್ಲಿ ಒಬ್ಬರು ಮುಳುಗುವುದು ಖಂಡಿತ ಎಂದು ನನಗೆ ಕಂಡಿತು.

ಮೊದಲು ಶೀಲಾವತಿ ಹೇಳಬೇಕಿತ್ತು. ಅವಳ ಬಾಲ್ಯದ ಗೆಳತಿ ನೆರೆಮನೆಯ ಬ್ಯಾರಿ ಹುಡುಗಿ ಪಾತು, ಹಾಗಾಗಿ ಬ್ಯಾರಿ ಚೆನ್ನಾಗಿಯೇ ಬರುತ್ತಿತ್ತು. ಸೆರಗು ಸರಿಮಾಡಿಕೊಂಡು, ಹೈದರನನ್ನೇ ನೋಡುತ್ತ ಬ್ಯಾರಿಯಲ್ಲಿ ಶುರುಮಾಡಿದಳು.

"ನಾನು ಹೈದರ್. ನನ್ನದು ಹೊಸ ಅಂಗಡಿ. ಕಷ್ಟಪಟ್ಟು ಕಟ್ಟಿದ್ದೇನೆ. ಅಜ್ಜಾವರದ ಒಬ್ಬಳಿಗೆ ಒಳ್ಳೆಯ ಮಿಷನ್ ಕೊಟ್ಟೆ. ತೆಂಗಿನೆಣ್ಣೆ ಹಾಕಬೇಡ ಎಂದು ಹೇಳಿದ್ದೆ. ಅವಳು ಮರೆತಳು. ಮರೆತು ಹಾಳು ಮಾಡಿ ಈಗ ನನ್ನ ಮೇಲೆ ಹಾಕುತ್ತಾಳೆ."

ತನ್ನನ್ನೇ ತಪ್ಪಿತಸ್ಥೆ ಮಾಡುವ ಆ ಮಾತುಗಳನ್ನು ಒಂದಿಷ್ಟೂ ಮೊಟಕು ಮಾಡದೆ, ವ್ಯಂಗ್ಯ ಬೆರೆಸದೆ, ಹೈದರ್ ಹೇಳಿದ್ದಕ್ಕಿಂತಲೂ ಚೆನ್ನಾಗಿ ಹೇಳಿದಳು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

"ನಾನು ಪೋಕರನ ಮಗ. ನನ್ನ ಅಪ್ಪ ಈ ಚಾಪೆಯ ಮೇಲೆ ಊರಿನವರನ್ನೆಲ್ಲ ಕೂರಿಸಿದವರು. ನಾನು ಸುಳ್ಳು ಹೇಳಿದರೆ ಅವರ ಮುಖ ಕೆಳಗಾಗುತ್ತದೆ. ಅಪ್ಪನಿಗೆ ಹಾಗೆ ಮಾಡುವವನಲ್ಲ ನಾನು. ಹಾಗಾಗಿ ನೀವು ನನ್ನ ಮಾತನ್ನು ನಂಬಬೇಕು."

ಈ ಹುಡುಗನ ಪರವಾಗಿ ಯಾವ ವಕೀಲನೂ ಇಷ್ಟು ಗಟ್ಟಿಯಾಗಿ ವಾದಿಸುತ್ತಿರಲಿಲ್ಲ, ವಾದಿಸಿದವಳು ಅವನ ಎದುರಾಳಿ.

"ಇದು ನಿನ್ನದೇ ಮಾತು ಹೌದಾ?" ಎಂದು ಕೇಳಿದೆ.

"ಹೌದು" ಎಂದ ಹೈದರ್. ದನಿ ಹೊರಗೇ ಬರಲಿಲ್ಲ.

"ಹಾಗಾದರೆ ಈಗ ನೀನು ಶೀಲಾವತಿ. ಹೇಳು."

ಅವನ ಅರೆಭಾಷೆಗೆ ಶಬ್ದ ಹುಡುಕುವ ಕಷ್ಟ ಇರಲಿಲ್ಲ. ಸರಾಗವಾಗಿ ಹೊರಟ. ನಾನು ಶೀಲಾವತಿ, ನನ್ನ ಗಂಡ ತೀರಿಕೊಂಡ, ಇಬ್ಬರು ಮಕ್ಕಳು. ದನ ಮಾರಿದ ದಿನ ಹಟ್ಟಿಯ ಕಡೆ ನೋಡಲಿಕ್ಕಾಗಲಿಲ್ಲ ಎಂದ. ಅದು ಅವಳು ಅವನಿಗೆ ಹೇಳಿದ್ದಲ್ಲ, ಅವಳಾಗಿ ನಿಂತಾಗ ಅವನಿಗೇ ತೋಚಿದ್ದು. ಶೀಲಾವತಿ ಚಕ್ಕನೆ ತಲೆಯೆತ್ತಿ ನೋಡಿದಳು. ಅಂಗಡಿಗೆ ಬಂದೆ ಎಂದ, ಸಂತೆಯ ದಿನ, ಜನ ತುಂಬಿದ್ದರು. ಹೈದರ್ ಮಿಷನಿನ ಮುಚ್ಚಳ ತೆಗೆದು ಎಲ್ಲೆಲ್ಲಿ ಎಣ್ಣೆ ಬಿಡಬೇಕೆಂದು ತೋರಿಸಿದ. ಯಾವ ಎಣ್ಣೆ ಎಂದು ನಾನು ಕೇಳಿದೆ. ಆಗ ಅವನು...

ಅಲ್ಲಿ ಅವನ ಮಾತು ನಿಂತಿತು.

ಕಾದೆ. ನಡುವೆ ಬಾಯಿ ಹಾಕಬಾರದೆಂಬುದು ಪೋಕರನನ್ನು ನೋಡಿ ಕಲಿತದ್ದು. ಹೈದರನ ಹಣೆಯಲ್ಲಿ ಬೆವರು ಮೂಡಿತು. ಒಮ್ಮೆ ಅಪ್ಪನ ಕಡೆ ನೋಡಿದ. ಪೋಕರ್ ನೆಲ ನೋಡುತ್ತಿದ್ದ. 'ಹೇಳಿದ' ಎನ್ನಲಿಕ್ಕೆ ಒಂದು ಶಬ್ದ ಸಾಕಿತ್ತು. ಆದರೆ ಅವನೀಗ ಶೀಲಾವತಿ, ಅವಳ ಬಾಯಿಂದ ಬರಬೇಕಾದ್ದು ಅವಳಿಗೆ ಗೊತ್ತಿರುವ ಮಾತು.

"ಅಂವ ನಂಗೆ ಎಂತದೂ ಹೇಳಿತ್ಲೆ" ಎಂದ ಹೈದರ್, ಅರೆಭಾಷೆಯಲ್ಲಿ. ಅವನು ನನಗೆ ಏನೂ ಹೇಳಲಿಲ್ಲ.

ಆಮೇಲೆ ಯಾರೂ ಕೇಳದೆಯೇ ಎಲ್ಲ ಹೊರಬಂತು. ಮಿಷನಿಗೆ ತೆಂಗಿನೆಣ್ಣೆ ಆಗದೆಂದು ಅವನಿಗೂ ಆಗ ಗೊತ್ತಿರಲಿಲ್ಲ. ಆ ದಿನ ಯಾವ ಎಣ್ಣೆ ಎಂದು ಬಾಯಿಬಿಟ್ಟು ಹೇಳದೆ, ತನ್ನ ಅಂಗಡಿಯ ತೆಂಗಿನೆಣ್ಣೆಯ ಕುಪ್ಪಿಯಿಂದಲೇ ಅವಳ ಕಣ್ಣೆದುರು ಮಿಷನಿಗೆ ಬಿಟ್ಟು ತೋರಿಸಿದ್ದ. ಕೆಲವು ವಾರ ಕಳೆದು ಮಂಗಳೂರಿನಿಂದ ಬಂದ ಮೆಕಾನಿಕ್ ಕುಪ್ಪಿ ನೋಡಿ ಬೈದ. ಹೈದರ್ ಅಂಗಡಿಯಲ್ಲಿದ್ದ ಮಿಷನುಗಳನ್ನೆಲ್ಲ ಸೀಮೆಎಣ್ಣೆ ಹಾಕಿ ತೊಳೆದ. ಮೊದಲೇ ಕೊಂಡುಹೋದವರ ಮನೆಗೆ ಮಾತ್ರ ಹೇಳಿಕಳಿಸಲಿಲ್ಲ. ಪೋಕರನ ಮಗನಿಗೆ ತಾನು ಮಾರುವ ಸಾಮಾನೇ ಗೊತ್ತಿಲ್ಲ ಎಂದು ಜನ ಆಡಿಕೊಳ್ಳುತ್ತಾರೆಂದು ಹೆದರಿದ.

"ಹೊಸ ಮಿಷನ್ ಕೊಡ್ತೇನೆ ಅಕ್ಕಾ" ಎಂದ ಕೊನೆಗೆ. "ನಾಳೆ ನಾನೇ ಹೊತ್ತು ತರ್ತೇನೆ. ಉಳಿದವರ ಮನೆಗೂ ಹೋಗ್ತೇನೆ."

"ನೀನು ಹೇಳಿದ್ದೆಲ್ಲ ನನ್ನದೇ ಮಾತು" ಎಂದಳು ಶೀಲಾವತಿ. "ಹಟ್ಟಿಯದ್ದು ಕೂಡ." ಅಷ್ಟು ಹೇಳಿ ಕಣ್ಣೊರೆಸಿಕೊಂಡಳು. ಬುಟ್ಟಿಯಿಂದ ಒಂದು ಕಟ್ಟು ಎಲೆ ತೆಗೆದು ನಾನೇ ಇಬ್ಬರ ನಡುವೆ ಇಟ್ಟೆ. ಇಬ್ಬರೂ ಎಲೆ ತೆಗೆದುಕೊಂಡರು.

ಅಲ್ಲಿಗೆ ವ್ಯಾಜ್ಯ ಮುಗಿದಿತ್ತು, ಆದರೆ ಗುಂಪು ಕದಲಲಿಲ್ಲ. ಎಲ್ಲರ ಕಣ್ಣೂ ಪೋಕರನ ಮೇಲೆ. ಅವನು ಗುಂಪು ಸರಿಸಿಕೊಂಡು ಚಾಪೆಯ ಹತ್ತಿರ ಬಂದ. ಮುಖ ಕಪ್ಪಿಟ್ಟಿತ್ತು, ಕುತ್ತಿಗೆಯ ನರ ಉಬ್ಬಿತ್ತು. ಹೈದರ್ ಎದ್ದು ನಿಂತು ತಲೆ ತಗ್ಗಿಸಿದ. ಈಗ ಕೈ ಎತ್ತುತ್ತಾನೆ ಎಂದು ನಾನು ಅರ್ಧ ಎದ್ದೆ. ಪೋಕರ್ ಬಾಯಿ ತೆರೆದ. ಬ್ಯಾರಿಯ ಒಂದು ಶಬ್ದ ನಾಲಗೆಯವರೆಗೆ ಬಂದದ್ದು ನನಗೆ ಕಾಣಿಸಿತು. ತುಟಿ ಮುಚ್ಚಿದ. ಅದನ್ನು ನುಂಗಿದ, ಗಂಟಲಿನ ಉಬ್ಬು ಏರಿ ಇಳಿಯಿತು.

ಮತ್ತೆ ಬಾಯಿ ತೆರೆದಾಗ ಬಂದದ್ದು ತುಳು.

"ವನಸ್ ಆಂಡಾ?"

ಊಟ ಆಯಿತಾ ಎಂದು ಕೇಳಿದ. ಹುಟ್ಟಿದಂದಿನಿಂದ ಬ್ಯಾರಿ ಬಿಟ್ಟು ಬೇರೆ ಭಾಷೆಯಲ್ಲಿ ಆ ಮಗನನ್ನು ಮಾತಾಡಿಸದ ಅಪ್ಪ, ತುಂಬಿದ ಸಂತೆಯ ನಡುವೆ ಅವನೊಡನೆ ತುಳುವಿನಲ್ಲಿ ಮಾತಾಡಿದ. ನನಗೆ ಕುಂಞಿ ಮೋನು ನೆನಪಾದ. ಅವನು ಇಟ್ಟುಹೋದ ಆ ಎಲೆಯ ಹೊರೆ ನೆನಪಾಯಿತು. ಕಣ್ಣು ಮಂಜಾಯಿತು.

ಹೈದರ್ ತಲೆಯೆತ್ತಿ ಅಪ್ಪನನ್ನು ನೋಡಿದ. ಚಿಕ್ಕಪ್ಪನ ಕತೆ ಅವನಿಗೂ ಗೊತ್ತಿದ್ದಿರಬೇಕು. ತುಟಿ ಅದುರಿತು.

"ಆತ್‌ಜಿ" ಎಂದ, ತುಳುವಿನಲ್ಲೇ. ಆಗಲಿಲ್ಲ.

"ಬಲ, ಇಲ್ಲಡೆ ಪೋಯಿ" ಎಂದ ಪೋಕರ್. ಬಾ, ಮನೆಗೆ ಹೋಗುವ. ಮಗನ ಹೆಗಲ ಮೇಲೆ ಕೈ ಹಾಕಿದ. ಜನ ದಾರಿ ಬಿಟ್ಟರು. ಎಲೆಯ ಬುಟ್ಟಿ, ಅಂಗಡಿ ಎಲ್ಲ ಹಾಗೇ ಬಿಟ್ಟು ಅಪ್ಪ ಮಗ ಮನೆಯ ಕಡೆ ನಡೆದರು.

ಬೆಲ್ಲದ ವ್ಯಾಪಾರಿಯೊಬ್ಬ, ಅಲ್ಲಿಯವರೆಗೆ ಗುಂಪಿನ ಹಿಂದೆ ನಿಂತಿದ್ದವನು, ಮುಂದೆ ಬಂದು ಬಗ್ಗಿ ನನ್ನನ್ನು ಕೇಳಿದ. "ನನ್ನದೂ ಒಂದು ತಕರಾರು ಉಂಟು ರೈಗಳೇ. ಪೋಕರ್ ಬ್ಯಾರಿಗಳು ಊಟ ಮಾಡಿ ವಾಪಸ್ ಬರ್ತಾರಲ್ಲ?"

"ಬರ್ತಾರೆ, ಕೂತ್ಕೊಳ್ಳಿ" ಎಂದೆ. ಜೇಬಿನಲ್ಲಿದ್ದ ಶೀಲಾವತಿಯ ಅರ್ಜಿ ತೆಗೆದು ನೀರು ಚಿಮುಕಿಸಿದ ಎಲೆಗಳ ಅಡಿಗೆ ಹಾಸಿ, ಪೋಕರ್ ಬರುವವರೆಗೆ ಅಂಗಡಿ ನೋಡಿಕೊಂಡೆ.